ಕೇಳಿದ್ದಕ್ಕೆ ಮಾತ್ರ ಹೇಳಮ್ಮ

ಆಕೆ ಮೊದಲ ಸಲ ನಮ್ಮ ಕಚೇರಿಯ ಮೆಟ್ಟಿಲು ಹತ್ತಿದಾಗ ನಾನು ಮದ್ದೂರಿನಲ್ಲಿ ಒಬ್ಬ ಸೀನಿಯರ್ ವಕೀಲರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಿಡಘಟ್ಟದ ಕಡೆಯ ಒಂದು ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದಳು. ಬೆಂಚಿನ ಮೇಲೆ ಕೂರು ಅಂದರೂ ಕೂರದೆ, ಬಾಗಿಲ ಚೌಕಟ್ಟು ಹಿಡಿದು ನಿಂತೇ ಮಾತಾಡಿದಳು.

"ನಮ್ ಗದ್ದೆಗೆ ಬ್ಯಾರೇರು ಏರ್ ಕಟ್ಟವ್ರೆ ಸಾಮಿ. ಏನಾರ ಮಾಡಿ."

"ಗದ್ದೆ ಯಾರ ಹೆಸರಲ್ಲಿದೆ?" ಸೀನಿಯರ್ ಕೇಳಿದರು.

"ಮೇಷ್ಟ್ರ ಎಸ್ರಲ್ ಅದೆ. ಗೇಯೋರು ನಾವು."

"ಗೇಣಿ ಚೀಟಿ ಏನಾದರೂ?"

"ಯಾವ್ ಚೀಟಿ ಸಾಮಿ? ಸುಗ್ಗೀಲಿ ಅರ್ದ ನಾವ್ ಇಟ್ಕೊಂಡು ಅರ್ದ ಗಾಡಿಗ್ ಏರಿ ಮಂಡ್ಯದ್ ಮನೇಗ್ ಆಕ್ ಬತ್ತಿದ್ವಿ. ಅವ್ರೂ ಕೇಳ್ನಿಲ್ಲ, ನಾವೂ ಕೇಳ್ನಿಲ್ಲ."

ಅವಳ ಗಂಡ ಕೆರೆ ಕೆಳಗಿನ ಆ ಗದ್ದೆಯನ್ನು ಮದುವೆಗೂ ಮುಂಚಿನಿಂದ ವಾರಕ್ಕೆ, ಅಂದರೆ ಬೆಳೆಯ ಅರ್ಧ ಪಾಲಿಗೆ, ಮಾಡುತ್ತಿದ್ದ. ಜಮೀನಿನ ಒಡೆಯರು ಮಂಡ್ಯದಲ್ಲಿ ನೆಲೆಸಿದ ನಿವೃತ್ತ ಶಾಲಾ ಮೇಷ್ಟರು. ಗಂಡ ಸತ್ತ ಮೇಲೂ ಇವಳು ಎರಡು ಬೆಳೆ ತೆಗೆದಿದ್ದಳು. ಈಗ ಪಕ್ಕದ ಜಮೀನಿನ ದೊಡ್ಡ ರೈತನೊಬ್ಬ, "ಮೇಷ್ಟ್ರು ನಂಗೇ ನೋಡ್ಕೊ ಅಂದವ್ರೆ" ಎಂದು ಎತ್ತು ಇಳಿಸಿದ್ದ.

ಸೀನಿಯರ್ ಕಡತವನ್ನು ನನ್ನ ಕೈಗೆ ಕೊಟ್ಟರು. ನಾನೇ ದಾವೆ ಬರೆದೆ. ಪಕ್ಕದ ರೈತ ಒಂದನೇ ಪ್ರತಿವಾದಿ, ಮೇಷ್ಟರು ಎರಡನೆಯವರು. ಗೇಣಿದಾರಳ ಸ್ವಾಧೀನಕ್ಕೆ ಅಡ್ಡಿ ಮಾಡದಂತೆ ಶಾಶ್ವತ ನಿರ್ಬಂಧಕಾಜ್ಞೆ ಬೇಕು, ದಾವೆ ಮುಗಿಯುವವರೆಗೆ ತಾತ್ಕಾಲಿಕ ತಡೆಯಾಜ್ಞೆ ಬೇಕು ಎಂದು ಕೇಳಿಕೊಂಡೆವು. ಮುನ್ಸೀಫರು ಪ್ರಮಾಣಪತ್ರ ಓದಿ ಅಂದೇ ತಡೆಯಾಜ್ಞೆ ಕೊಟ್ಟರು. ಅಮೀನರು ಹಳ್ಳಿಗೆ ಹೋಗಿ ಆಜ್ಞೆ ಜಾರಿ ಮಾಡಿ ಬಂದರು. ಎತ್ತುಗಳು ಗದ್ದೆಯಿಂದ ಎದ್ದವು. ಆ ವರ್ಷದ ಬೆಳೆ ಅವಳೇ ಕೊಯ್ದಳು. ನಾನು ಗೆದ್ದೇಬಿಟ್ಟೆ ಅಂದುಕೊಂಡೆ. ಸೀನಿಯರ್ ಮಾತ್ರ, "ಇದು ಬೀಗ ಅಷ್ಟೆ ಕಣಯ್ಯಾ, ಮನೆ ಇನ್ನೂ ಯಾರದು ಅಂತ ಆಗಿಲ್ಲ" ಅಂದರು.

ಮೇಷ್ಟರು ಹೈಸ್ಕೂಲಿನಲ್ಲಿ ನನಗೆ ಲೆಕ್ಕ ಹೇಳಿಕೊಟ್ಟವರು. ಮೊದಲನೇ ವಾಯಿದೆಯ ದಿನ ಕೋರ್ಟಿನ ಜಗಲಿಯಲ್ಲಿ ಎದುರಾದರು. ನಾನು ತಲೆ ತಪ್ಪಿಸಿಕೊಂಡು ಹೋಗಬೇಕೆಂದಿದ್ದೆ, ಅವರೇ ಕರೆದರು.

"ಏನಪ್ಪಾ, ನನ್ನ ಮೇಲೇ ದಾವೆ ಹಾಕಿಸಿದ್ದೀಯಂತೆ?"

"ಕಕ್ಷಿದಾರರು ಬಂದಾಗ ಇಲ್ಲ ಅನ್ನೋಕಾಗಲ್ಲ ಸಾರ್."

"ಮಾಡು, ಮಾಡು. ವೃತ್ತಿ. ಆದರೆ ಒಂದು ಮಾತು ಹೇಳ್ತೀನಿ. ಕಾನೂನು ಬರುತ್ತೆ, ಗೇಣಿ ಅಂತ ಒಪ್ಪಿಕೊಂಡವನ ಜಮೀನು ಹೋಗುತ್ತೆ ಅಂತ ಎಲ್ಲರೂ ಹೇಳ್ತಿದ್ದಾರೆ. ಇನ್ನೂ ಇಬ್ಬರು ಹೆಣ್ಣುಮಕ್ಕಳಿಗೆ ಮದುವೆ ಆಗಿಲ್ಲ. ಅವಳ ಗಂಡ ಒಳ್ಳೆ ಆಳು. ನನ್ನ ಆಳಾಗಿದ್ದ ಅಂತಾನೇ ನಾನು ಹೇಳೋದು."

ಅವರು ಲಿಖಿತ ಹೇಳಿಕೆಯಲ್ಲೂ ಅದನ್ನೇ ಬರೆಸಿದರು. ವಾದಿಯ ಗಂಡ ಗೇಣಿದಾರನಲ್ಲ, ಕೂಲಿ ಆಳು. ಆ ಒಂದು ಮಾತಿನ ಮೇಲೆ ಇಡೀ ದಾವೆ ನಿಂತಿತು. ಪಹಣಿಯ ಸಾಗುವಳಿ ಕಾಲಂನಲ್ಲಿ ವರ್ಷ ವರ್ಷವೂ 'ಸ್ವಂತ' ಎಂದೇ ಇತ್ತು. ಬರೆದವರು ಮಂಡ್ಯದ ಮನೆಯಲ್ಲಿ ಕಾಫಿ ಕುಡಿದು ಬರೆದಿದ್ದರೋ, ಗದ್ದೆಯ ಬದುವಿನಲ್ಲಿ ನಿಂತು ಬರೆದಿದ್ದರೋ ಯಾರು ಹೇಳಬೇಕು? ನಮಗೆ ಬಾಯಿಮಾತಿನ ಸಾಕ್ಷ್ಯ ಬಿಟ್ಟರೆ ಗತಿ ಇರಲಿಲ್ಲ.

ವಾದಾಂಶ ಗೊತ್ತುಪಡಿಸಿ ಅವಳ ವಿಚಾರಣೆಗೆ ಬರುವಷ್ಟರಲ್ಲಿ ಆ ಮುನ್ಸೀಫರಿಗೆ ವರ್ಗವಾಗಿತ್ತು. ಹೊಸಬರು ಒಳ್ಳೆಯವರು, ಆದರೆ ಕೆಲಸದ ಹೊರೆ ಬಹಳ. ಅವಳನ್ನು ಕಟಕಟೆಗೆ ಹತ್ತಿಸುವ ಮುನ್ನ ನಾನು ಎಲ್ಲ ಸಾಕ್ಷಿಗಳಿಗೂ ಹೇಳುವುದನ್ನೇ ಅವಳಿಗೂ ಹೇಳಿದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಹೆಚ್ಚಿಗೆ ಮಾತಾಡಿದರೆ ಆ ಕಡೆಯ ವಕೀಲರು ಅದರಲ್ಲೇ ಸಿಕ್ಕಿಸುತ್ತಾರೆ. ಯಾವ ವಕೀಲನೂ ಹೇಳುವ ಬುದ್ಧಿವಾದ ಅದು. ಅವತ್ತಿನ ಕೋರ್ಟಿಗೆ ಸರಿಯಾದದ್ದೂ ಹೌದು.

ಅವಳಿಗೆ ಅದು ಸುಲಭವಿರಲಿಲ್ಲ. "ನಿನ್ನ ಗಂಡ ಎಷ್ಟು ವರ್ಷದಿಂದ ಸಾಗುವಳಿ ಮಾಡುತ್ತಿದ್ದ?" ಎಂದರೆ, ಕೆರೆ ಕೋಡಿ ಬಿದ್ದ ವರ್ಷ ಬದು ಕಿತ್ತುಹೋದದ್ದು, ಅವನು ಮೊಣಕಾಲುದ್ದ ನೀರಿನಲ್ಲಿ ನಿಂತು ಹೆಂಟೆ ಜೋಡಿಸಿದ್ದು, ಮೇಷ್ಟರು ಬಂದು ನೋಡಿ "ಭೇಷ್" ಅಂದದ್ದು ಎಲ್ಲ ಶುರು ಮಾಡುತ್ತಿದ್ದಳು.

"ಕೇಳಿದ್ದಕ್ಕೆ ಮಾತ್ರ ಹೇಳಮ್ಮ" ಎನ್ನುತ್ತಿದ್ದರು ಮುನ್ಸೀಫರು.

ಎದುರು ವಕೀಲರು ಪಾಟೀಸವಾಲಿನಲ್ಲಿ ಅದನ್ನೇ ಗದರಿ ಹೇಳಿದರು. ಬೆಂಚ್ ಕ್ಲರ್ಕ್ ಹೇಳಿದರು. ಹೆಸರು ಕೂಗುವ ದಲಾಯತನೂ ಬಾಗಿಲಿನಿಂದಲೇ ಕೈಸನ್ನೆ ಮಾಡಿದ. ಅವಳು ಕನ್ನಡದಲ್ಲಿ ಹೇಳಿದ್ದನ್ನು ಮುನ್ಸೀಫರು ಮನಸ್ಸಿನಲ್ಲೇ ಇಂಗ್ಲಿಷ್ ಮಾಡಿಕೊಂಡು ಟೈಪಿಸ್ಟಿಗೆ ಹೇಳುತ್ತಿದ್ದರು. ಕೆರೆ, ಕೋಡಿ, ಹೆಂಟೆ ಎಲ್ಲ ಸೋಸಿಹೋಗಿ, ನನ್ನ ಗಂಡ ಸಾಗುವಳಿ ಮಾಡುತ್ತಿದ್ದ ಎಂಬ ಅರ್ಥದ ಒಂದು ಸಾಲು ಉಳಿಯಿತು. ಕೊನೆಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡರು.

"ನಾನ್ ಏಳಿದ್ದೆಲ್ಲ ಬರ್ಕಂಡ್ರಾ ಸಾಮಿ?" ಹೊರಗೆ ಬಂದು ಕೇಳಿದಳು.

"ಬೇಕಾದ್ದು ಬರೆದುಕೊಂಡರು."

ಅವಳು ತಲೆಯಾಡಿಸಿದಳು. ಆಮೇಲಿನ ವಾಯಿದೆಗಳಲ್ಲಿ, ಪಾಟೀಸವಾಲು ಮುಂದುವರಿದಾಗ, ಅವಳು ಕಲಿತುಬಿಟ್ಟಿದ್ದಳು. ಹೌದು. ಇಲ್ಲ. ಗೊತ್ತಿಲ್ಲ. ಎದುರು ವಕೀಲರಿಗೆ ಒಂದು ಎಳೆಯೂ ಸಿಕ್ಕಲಿಲ್ಲ. ಸೀನಿಯರ್ ಮೆಚ್ಚಿಕೊಂಡರು.

ನಮಗಿದ್ದ ಇನ್ನೊಬ್ಬ ಸಾಕ್ಷಿ ಅವಳ ಗಂಡನ ಜೊತೆ ಮುಯ್ಯಿಗೆ, ಒಬ್ಬರ ಗದ್ದೆಗೆ ಒಬ್ಬರಂತೆ, ಉಳುತ್ತಿದ್ದ ಒಬ್ಬ ಮನುಷ್ಯ. ಅವನು ಊರು ಬಿಟ್ಟು ಶಿವನಸಮುದ್ರದ ವಿದ್ಯುದಾಗಾರದಲ್ಲಿ ಕಾವಲು ಕೆಲಸಕ್ಕೆ ಸೇರಿದ್ದ. ನಾನೇ ಮಳವಳ್ಳಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ, ಅವನ ಕ್ವಾರ್ಟರ್ಸಿನ ಬಾಗಿಲು ತಟ್ಟಿದೆ. ನೀರಿನ ಮೊರೆತದಲ್ಲಿ ಇಬ್ಬರೂ ಕೂಗಿ ಮಾತಾಡಬೇಕಾಯಿತು.

"ಬತ್ತೀನಿ ಬುಡಿ. ಅಂವ ನನ್ ಜೊತೆಗಾರ. ಅರ್ದ ಬತ್ತ ಮೇಷ್ಟ್ರ ಮನೇಗ್ ನಾನೇ ಗಾಡಿ ಒಡ್ಕೊಂಡ್ ಓಗಿವ್ನಿ."

ಅವನು ಬಂದ. ಮುನ್ಸೀಫರು ರಜೆ. ಮತ್ತೆ ಬಂದ. ಎದುರು ವಕೀಲರಿಗೆ ಮಂಡ್ಯದಲ್ಲಿ ಬೇರೆ ಕೇಸು, ವಾಯಿದೆ ಕೊಟ್ಟರು. ಇನ್ನೊಮ್ಮೆ ಬಂದು ಸಂಜೆವರೆಗೆ ಹೊಂಗೆ ಮರದ ಕೆಳಗೆ ಕೂತ, ಹಿಂದಿನ ಕೇಸಿನ ವಾದವೇ ಮುಗಿಯಲಿಲ್ಲ. ಕೊನೆಗೊಂದು ದಿನ ಅವನ ಸಾಕ್ಷ್ಯ ಆಯಿತು. ಚೆನ್ನಾಗಿಯೇ ಆಯಿತು. ಇಳಿದು ಬಂದವನು, "ಇನ್ ನನ್ ಕರೀಬ್ಯಾಡಿ ಸಾಮಿ, ಸಾಯೇಬ್ರು ರಜ ಕೊಡಾಕಿಲ್ಲ ಅಂದವ್ರೆ" ಎಂದು ಕೈ ಮುಗಿದು ಹೋದ. ಇನ್ನು ಕರೆಯಬೇಕಾಗಿಲ್ಲ ಎಂದೇ ನಾನೂ ಅಂದುಕೊಂಡಿದ್ದೆ.

ಎಪ್ಪತ್ತನಾಲ್ಕರಲ್ಲಿ ಭೂ ಸುಧಾರಣೆಯ ದೊಡ್ಡ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರನೇ ಇನ್ನು ಭೂಮಿಯ ಒಡೆಯ. ತಾಲ್ಲೂಕಿಗೊಂದು ಭೂ ನ್ಯಾಯಮಂಡಳಿ, ಅದಕ್ಕೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರು. ನಾನು ಅವಳ ಕೈಯಲ್ಲಿ ಗೇಣಿದಾರಳ ಹಕ್ಕು ಕೇಳುವ ಏಳನೇ ನಂಬರಿನ ಅರ್ಜಿ ಹಾಕಿಸಿದೆ. ಅವಳಿಗಾಗಿಯೇ ಮಾಡಿದ ಕಾನೂನು ಎನ್ನಿಸಿತ್ತು. ಆದರೆ ಕೋರ್ಟಿನಲ್ಲಿ ಆಗಲೇ ನಡೆಯುತ್ತಿದ್ದ ದಾವೆಗಳ ಗತಿ ಏನು ಎಂಬುದರ ಬಗ್ಗೆ ವಕೀಲರಲ್ಲೇ ಒಮ್ಮತವಿರಲಿಲ್ಲ. ನಮ್ಮ ಮುನ್ಸೀಫರು ವಿಚಾರಣೆ ನಿಲ್ಲಿಸಲಿಲ್ಲ. ಮೇಷ್ಟರ ಸಾಕ್ಷ್ಯ ಮುಗಿಯಿತು, ಪಕ್ಕದ ರೈತನದೂ ಮುಗಿಯಿತು. ವಾದ ಕೇಳಿ, ದಾವೆಯನ್ನು ತೀರ್ಪಿಗೆ ಇಟ್ಟರು.

ಆ ಹೊತ್ತಿಗೆ ಸರಿಯಾಗಿ ಇನ್ನೊಂದು ತಿದ್ದುಪಡಿ ಬಂತು. ಅದೇ ಕಾನೂನಿನ ನೂರ ಮೂವತ್ತಮೂರನೇ ಕಲಂ ಅನ್ನು ಸಂಶಯಕ್ಕೆಡೆ ಇಲ್ಲದಂತೆ ಹೊಸದಾಗಿ ಬರೆದಿದ್ದರು. ಗೇಣಿದಾರನೋ ಅಲ್ಲವೋ ಎಂಬ ಪ್ರಶ್ನೆಯನ್ನು ಇನ್ನು ಯಾವ ಸಿವಿಲ್ ಕೋರ್ಟೂ ತೀರ್ಮಾನಿಸುವ ಹಾಗಿಲ್ಲ. ದಾವೆ ತಡೆಹಿಡಿದು ಪ್ರಶ್ನೆಯನ್ನು ನ್ಯಾಯಮಂಡಳಿಗೆ ಕಳಿಸಬೇಕು. ಅಲ್ಲಿಯವರೆಗೆ ಕೋರ್ಟು ಕೊಟ್ಟಿದ್ದ ಮಧ್ಯಂತರ ಆಜ್ಞೆಗಳೆಲ್ಲ ತಾವಾಗಿಯೇ ರದ್ದು.

ಎದುರು ವಕೀಲರು ಗೆಜೆಟ್ಟಿನ ಪ್ರತಿ ಹಿಡಿದು ಎದ್ದು ನಿಂತರು. ನಾನು ಎದ್ದೆ.

"ಸ್ವಾಮಿ, ಸಾಕ್ಷ್ಯ ಮುಗಿದಿದೆ, ವಾದ ಮುಗಿದಿದೆ. ತೀರ್ಪೊಂದೇ ಬಾಕಿ. ಇಷ್ಟು ವರ್ಷದ ಕೆಲಸ..."

ಮುನ್ಸೀಫರು ಕಲಂ ಅನ್ನು ಎರಡು ಸಲ ಓದಿದರು. "ಈ ಭಾನುವಾರ ಬರೆಯೋಕೆ ಕೂರಬೇಕು ಅಂತಿದ್ದೆ" ಅಂದರು. "ಈಗ ನನ್ನ ಕೈಲಿಲ್ಲ. ಕಳಿಸಲೇಬೇಕು."

"ತಡೆಯಾಜ್ಞೆಯನ್ನಾದರೂ..."

"ಅದನ್ನ ನಾನು ತೆಗೀತಿಲ್ಲ. ಕಾನೂನೇ ತೆಗೆದುಬಿಟ್ಟಿದೆ."

ಅವಳು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ತೀರ್ಪು ಬಂತು ಎಂದುಕೊಂಡಿದ್ದಳು.

ವಾರ ಕಳೆಯುವುದರೊಳಗೆ ಕಚೇರಿಗೆ ಓಡಿ ಬಂದಳು. ಸೆರಗಿನ ತುಂಬ ಕೆಸರು. "ನಾಟಿ ಮಾಡಿದ್ ಗದ್ದೆಗೆ ನೇಗ್ಲು ಬುಟ್ರು ಸಾಮಿ. ಪೈರೆಲ್ಲ ಕೆಸ್ರಿಗ್ ತುಳುದ್ರು. ನಾನ್ ಅಡ್ಡ ನಿಂತ್ಕಂಡೆ. ಕೋರ್ಟ್ ಕಾಗ್ಜ ತೋರುಸ್ದೆ. ಅದು ಸತ್ತೋಯ್ತು ಕಣಮ್ಮ, ಮನೇಗ್ ನಡಿ ಅಂದ್ರು."

ಪೊಲೀಸ್ ಠಾಣೆಗೆ ಕರೆದುಕೊಂಡು ಹೋದೆ. ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ ಅಂದರು. ಕೋರ್ಟಿಗೆ ಹೋದರೆ ದಾವೆ ತಡೆಹಿಡಿದಿದೆ, ನ್ಯಾಯಮಂಡಳಿಗೆ ಹೋಗಿ ಅಂದರು. ತಾಲ್ಲೂಕು ಕಚೇರಿಯಲ್ಲಿ ನ್ಯಾಯಮಂಡಳಿಯ ಗುಮಾಸ್ತರು ಉಳುಮೆ ತಡೆಯಿರೆಂದು ನಾನು ಬರೆದುಕೊಟ್ಟ ಅರ್ಜಿ ತೆಗೆದುಕೊಂಡು ಕಡತಗಳ ಕಟ್ಟಿಗೆ ಸೇರಿಸಿದರು. ಮಂಡಳಿ ಯಾವಾಗ ಕೂರುತ್ತದೆ ಎಂದು ಕೇಳಿದೆ. "ಸಾಹೇಬರು ಬಂದಾಗ" ಅಂದರು. ಆ ತಡೆ ಅರ್ಜಿಯ ಮೇಲೆ ಕೊನೆಯವರೆಗೂ ಯಾವ ಆದೇಶವೂ ಆಗಲಿಲ್ಲ.

ನಮ್ಮ ಕಡತ ಹೀಗೆ ಕೋರ್ಟಿನ ಕಪಾಟಿನಲ್ಲಿ ಮಲಗಿರುವಾಗಲೇ ಸಿವಿಲ್ ಪ್ರಕ್ರಿಯಾ ಸಂಹಿತೆಗೂ ಭಾರೀ ತಿದ್ದುಪಡಿ ಬಂತು. ವಕೀಲರ ಸಂಘದ ಕೋಣೆಯಲ್ಲಿ ನಾವೆಲ್ಲ ಗೋಂದಿನ ಬಾಟಲಿ ಇಟ್ಟುಕೊಂಡು ಹಳೆಯ ಪುಸ್ತಕಗಳಿಗೆ ತಿದ್ದುಪಡಿ ಚೀಟಿ ಅಂಟಿಸಿದೆವು. ಸುಮ್ಮಸುಮ್ಮನೆ ವಾಯಿದೆ ಕೊಡಬಾರದು. ವಕೀಲರಿಗೆ ಬೇರೆ ಕೋರ್ಟಿನಲ್ಲಿ ಕೆಲಸವಿದೆ ಎಂಬುದು ವಾಯಿದೆಗೆ ಕಾರಣವಲ್ಲ. ಸಮನ್ಸನ್ನು ಅಮೀನರ ಜೊತೆಗೆ ರಿಜಿಸ್ಟರ್ಡ್ ಅಂಚೆಯಲ್ಲೂ ಕಳಿಸಬೇಕು. ಒಂದೊಂದು ಚೀಟಿ ಅಂಟಿಸುವಾಗಲೂ ಶಿವನಸಮುದ್ರದ ಕಾವಲುಗಾರ ಹೊಂಗೆ ಮರದ ಕೆಳಗೆ ಕೂತಿದ್ದ ದಿನಗಳು ಕಣ್ಣ ಮುಂದೆ ಬರುತ್ತಿದ್ದವು. ನ್ಯಾಯ ಬೇಗ ಸಿಗಲಿ ಎಂದು ಮಾಡಿದ ನಿಯಮಗಳು ಒಳ್ಳೆಯವೇ. ನಮ್ಮ ದಾವೆ ಮಾತ್ರ ಅವುಗಳ ಕೈಗೆ ಎಟುಕದ ಕಡೆ ಇತ್ತು.

ಅದೇ ಸುಮಾರಿಗೆ ನಮ್ಮ ಮನೆಯಲ್ಲೂ ಒಂದು ನ್ಯಾಯಮಂಡಳಿ ನಡೆಯಿತು. ದುದ್ದದ ಹತ್ತಿರ ನಮ್ಮ ತಂದೆಗಿದ್ದ ಅಷ್ಟಿಷ್ಟು ಜಮೀನಿಗೆ ಗೇಣಿದಾರರು ಅರ್ಜಿ ಹಾಕಿದ್ದರು. ತಂದೆ ದೇವಸ್ಥಾನದ ಪೂಜೆ ಮುಗಿಸಿ, ಮಡಿ ಪಂಚೆ ಬದಲಿಸಿ, ಮಂಡ್ಯದ ಕಚೇರಿಗೆ ಹೋಗಿ, "ಹೌದು, ಇವರೇ ಉಳ್ತಿದ್ದದ್ದು" ಎಂದು ಹೇಳಿ ಸಹಿ ಹಾಕಿ ಮನೆಗೆ ಬಂದು ಊಟಕ್ಕೆ ಕೂತರು. ಅಮ್ಮ ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಈ ಸುದ್ದಿ ಹೇಗೋ ನನ್ನ ಕಕ್ಷಿದಾರಳಿಗೂ ಮುಟ್ಟಿತ್ತು.

"ನಿಮ್ ಜಮೀನು ಓಯ್ತಂತೆ ಸಾಮಿ?"

"ಹೋಯ್ತಮ್ಮ. ಉಳುವವರಿಗೆ ಹೋಯ್ತು."

"ಮೇಷ್ಟ್ರೂ ನಿಮ್ ಅಪ್ಪಾರಂಗೆ ಒಂದ್ ಮಾತು ಅಂದ್ಬುಟ್ಟಿದ್ರೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಕೊನೆಗೆ ಮಂಡಳಿಯ ನೋಟಿಸು ಬಂತು. ಆ ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿರಲಿಲ್ಲ. ಕಾನೂನೇ ಹಾಗೆ ಹೇಳಿತ್ತು. ಬಡ ಗೇಣಿದಾರನ ಎದುರು ಜಮೀನ್ದಾರ ದೊಡ್ಡ ವಕೀಲರನ್ನು ತಂದು ನಿಲ್ಲಿಸಬಾರದು ಎಂಬ ಉದ್ದೇಶ. ಸೀನಿಯರ್, "ನಮ್ಮ ಕೆಲಸ ಮುಗೀತು. ಲಿಖಿತ ಹೇಳಿಕೆ ಬರೆದು ಕೊಟ್ಟು ಕಳಿಸು" ಅಂದರು. ಶಿವನಸಮುದ್ರಕ್ಕೆ ಕಾಗದ ಬರೆದೆ, ಉತ್ತರ ಬರಲಿಲ್ಲ. ಕೋರ್ಟಿನಲ್ಲಿ ಅವನು ಹೇಳಿದ ಸಾಕ್ಷ್ಯದ ನಕಲನ್ನು ಗುಮಾಸ್ತರಿಗೆ ತೋರಿಸಿದರೆ, "ಅದು ನಿಮ್ಮ ಕೋರ್ಟಿನದು. ಇಲ್ಲಿ ಎಲ್ಲಾ ಹೊಸದಾಗಿ ಆಗಬೇಕು" ಅಂದರು.

ಆಗ ನಾನು ಒಂದು ತೀರ್ಮಾನಕ್ಕೆ ಬಂದೆ. ಕಾಗದ ನಂಬಿ ಪ್ರಯೋಜನವಿಲ್ಲ. ಅವಳೇ ಮಾತಾಡಬೇಕು. ಕೋರ್ಟು ಸೋಸಿ ಎಸೆದದ್ದೆಲ್ಲ ಅಲ್ಲಿಗೆ ಬೇಕು: ಕೆರೆ ಕೋಡಿ, ಕಿತ್ತುಹೋದ ಬದು, ಮೇಷ್ಟರ ಭೇಷ್. ವಕೀಲಿ ಬುದ್ಧಿಯನ್ನು ಬದಿಗಿಟ್ಟು, ರಜದ ದಿನಗಳಲ್ಲಿ ಬಸ್ಸು ಹಿಡಿದು ಅವಳ ಹಳ್ಳಿಗೆ ಹೋಗತೊಡಗಿದೆ. ಕೆರೆ ಏರಿಯ ಮೇಲೆ ನಿಂತರೆ ಗದ್ದೆ ಪೂರ್ತಿ ಕಾಣುತ್ತಿತ್ತು. ಈಗ ಅದರಲ್ಲಿ ಪಕ್ಕದ ರೈತನ ಭತ್ತ.

"ನಾನು ಏನೂ ಕೇಳಲ್ಲ. ನೀನೇ ಹೇಳಮ್ಮ."

ಮೊದಲ ದಿನ ಅವಳ ಬಾಯಿಂದ ಮಾತೇ ಹೊರಡಲಿಲ್ಲ. ನನ್ನ ಮುಖ ನೋಡುತ್ತಾ ನಿಂತಳು. ಆಮೇಲಾಮೇಲೆ ಶುರುವಾಯಿತು. "ಅಗೋ, ಆ ನಾಕ್ ತಾಕು. ಮೂಡ್ಲಾಗಿರೋದು ಯಾವಾಗ್ಲೂ ನೀರ್ ನಿಲ್ಲಾಕಿಲ್ಲ, ಅದುಕ್ಕೆ ನಮ್ಮೆಜಮಾನ್ರು ಬದೀನ್ ಕಟ್ಟೆ ಎತ್ರುಸಿದ್ರು. ಆ ವೊಂಗೆ ಗಿಡ ನಾನ್ ನೆಟ್ಟಿದ್ದು, ಗೊಬ್ರಕ್ಕೆ ಸೊಪ್ಪಾಯ್ತದೆ ಅಂತ. ನನ್ ದೊಡ್ ಮಗ್ಳು ಉಟ್ದಾಗ ಬತ್ತ ಬಡೀತಿದ್ವಿ ಸಾಮಿ. ಕಣದಿಂದ್ಲೇ ಎತ್ಕಂಡ್ ಓದ್ರು ನನ್ನ." ಹೀಗೆ ಗಂಟೆಗಟ್ಟಲೆ. ಇದನ್ನು ಕೇಳಿದ ಯಾವ ಮನುಷ್ಯನೂ ಅವಳ ಗಂಡನನ್ನು ಕೂಲಿ ಆಳು ಎನ್ನಲಾರ. ಇಷ್ಟು ವರ್ಷದಲ್ಲಿ ನನಗೆ ಧೈರ್ಯ ಬಂದದ್ದು ಆ ಏರಿಯ ಮೇಲೆ ಮಾತ್ರ.

ಮಂಡಳಿ ಕೂತ ದಿನ ತಾಲ್ಲೂಕು ಕಚೇರಿಯಲ್ಲಿ ಜಾತ್ರೆಯಷ್ಟು ಜನ. ವಕೀಲರೆಲ್ಲ ಹೊರಗೆ ಕಿಟಕಿಗಳ ಹತ್ತಿರ ನಿಂತಿದ್ದೆವು. ಒಳಗಿನ ಮಾತು ಕೇಳುತ್ತಿತ್ತು. ಅಧ್ಯಕ್ಷರು ಕೆಟ್ಟವರಲ್ಲ. ಸಂಜೆಯೊಳಗೆ ಮುಗಿಸಬೇಕಾದ ಅರ್ಜಿಗಳ ಕಟ್ಟು ಅವರ ಮೇಜಿನ ಮೇಲೆ ಮೊಳದೆತ್ತರ ಇತ್ತು, ಅಷ್ಟೆ.

ಮೇಷ್ಟರನ್ನು ಮೊದಲು ಕೇಳಿದರು. ಅವರು ಪಾಠ ಹೇಳಿ ಪಳಗಿದವರು. ಸ್ವಂತ ಸಾಗುವಳಿ, ಆಳಿನ ವ್ಯವಸ್ಥೆ, ಪಹಣಿಯ ದಾಖಲೆ, ಎಲ್ಲವನ್ನೂ ಒಂದಾದ ಮೇಲೊಂದು ಬಿಡಿಸಿ ಹೇಳಿದರು. ಪಕ್ಕದ ರೈತ ಹೌದೆಂದು ಸಾಕ್ಷಿ ನುಡಿದ. ಆಮೇಲೆ ಅವಳ ಸರದಿ.

"ಗೇಣಿ ಚೀಟಿ ಇದೆಯೇನಮ್ಮ?"

"ಇಲ್ಲ."

"ಭತ್ತ ಕೊಟ್ಟದ್ದಕ್ಕೆ ರಸೀತಿ?"

"ಇಲ್ಲ."

"ಪಹಣೀಲಿ ನಿನ್ನ ಗಂಡನ ಹೆಸರು?"

"ಇಲ್ಲ."

"ಸಾಕ್ಷಿ ಯಾರಾದರೂ ಬಂದಿದ್ದಾರಾ?"

"ಇಲ್ಲ."

ಅಧ್ಯಕ್ಷರು ಅವಳನ್ನೇ ನೋಡಿದರು. ಅವಳೂ ಅವರನ್ನೇ ನೋಡುತ್ತಾ ನಿಂತಳು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು, ಕಟಕಟೆಯಲ್ಲಿ ನಿಲ್ಲುತ್ತಿದ್ದ ಹಾಗೇ. ನಾನು ಕಿಟಕಿಯ ಸರಳು ಹಿಡಿದು ಮನಸ್ಸಿನಲ್ಲೇ ಕೂಗುತ್ತಿದ್ದೆ: ಹೇಳಮ್ಮ, ಕೆರೆ ಕೋಡಿ ಹೇಳು, ಹೊಂಗೆ ಗಿಡ ಹೇಳು. ಒಂದು ಸಲ ಕಣ್ಣು ಹೊರಳಿಸಿ ನನ್ನತ್ತ ನೋಡಿದಳು. ಕಿಟಕಿ ಕಡೆ ನೋಡಬೇಡ ಎಂದು ಒಬ್ಬ ಸದಸ್ಯರು ಗದರಿದರು. ಅವಳು ಮುಖ ತಿರುಗಿಸಿಕೊಂಡಳು.

"ಸರಿ, ಹೋಗು" ಅಂದರು ಅಧ್ಯಕ್ಷರು. ಜವಾನ ಮುಂದಿನ ಹೆಸರು ಕೂಗಿದ.

ಹೊರಗೆ ಬಂದಾಗ ಅವಳ ಮುಖದಲ್ಲಿ ಗಾಬರಿಗಿಂತ ಹೆಚ್ಚಾಗಿ ಅಚ್ಚರಿ ಇತ್ತು. "ಅದುನ್ನೆಲ್ಲ ಕೇಳ್ನೇ ಇಲ್ಲ ಸಾಮಿ ಅವ್ರು. ಕೇಳಿದ್ಕೆಲ್ಲ ಸರ್ಯಾಗ್ ಏಳ್ದೆ."

ಏಳನೇ ನಂಬರಿನ ಅರ್ಜಿ ವಜಾ ಆಯಿತು. ಆ ಕಾಲಕ್ಕೆ ಅಂಥ ಆದೇಶಕ್ಕೆ ಮೇಲ್ಮನವಿ ಇರಲಿಲ್ಲ. ರಿಟ್ ಅರ್ಜಿ ಹಾಕಲು ಬೆಂಗಳೂರಿಗೇ ಹೋಗಬೇಕು. ಪರಿಚಯದ ವಕೀಲರೊಬ್ಬರು ಹೈಕೋರ್ಟಿನಲ್ಲಿ ಹಾಕಿಕೊಟ್ಟರು. ಬಹಳ ಕಾಲವಾದ ಮೇಲೆ ಅಲ್ಲಿಂದ ಆದೇಶ ಬಂತು. ಮಂಡಳಿ ಸಾಕ್ಷ್ಯವನ್ನು ಸರಿಯಾಗಿ ಬರೆದುಕೊಂಡಿಲ್ಲ, ಕಾರಣ ಕೊಟ್ಟಿಲ್ಲ. ಪ್ರಮಾಣ ಮಾಡಿಸಿ, ಸ್ಥಳ ನೋಡಿ, ಹೊಸದಾಗಿ ತೀರ್ಮಾನಿಸತಕ್ಕದ್ದು. ಆದೇಶ ಓದಿ ಹೇಳಿದಾಗ ಅವಳು ಖುಷಿಪಡಲಿಲ್ಲ. "ಮತ್ತೆ ಮೊದ್ಲಿಂದ್ಲಾ?" ಅಂದಳು.

ದಶಕದ ಕೊನೆಗೆ ಹೊಸ ಅಧ್ಯಕ್ಷರೂ ಸದಸ್ಯರೂ ಜೀಪಿನಲ್ಲಿ ಸ್ಥಳ ತನಿಖೆಗೆ ಬಂದರು. ನಾನು ಬರಬಹುದು, ಆದರೆ ದೂರ ನಿಲ್ಲಬೇಕು ಅಂದಿದ್ದರು. ಕೆರೆ ಏರಿ ಇಳಿದು ಕಾಲುವೆಯ ಅಂಚಿನಲ್ಲಿ ನಿಂತೆ. ನಾನು ಅಲ್ಲಿಗೆ ಹೋಗದೆ ಎರಡು ವರ್ಷವಾಗಿರಬಹುದು. ಗದ್ದೆ ಇರಲಿಲ್ಲ. ಪಕ್ಕದ ರೈತ ನಾಲ್ಕು ತಾಕುಗಳ ಬದುಗಳನ್ನು ಒಡೆದು ತನ್ನ ಜಮೀನಿಗೆ ಸೇರಿಸಿ ಒಂದೇ ಬಯಲು ಮಾಡಿ ಕಬ್ಬು ಹಾಕಿದ್ದ. ಕಬ್ಬು ಆಳೆತ್ತರ ಮೀರಿ ನಿಂತಿತ್ತು. ಅವಳು ನೆಟ್ಟಿದ್ದ ಹೊಂಗೆಯ ಸುಳಿವಿರಲಿಲ್ಲ.

"ಎಲ್ಲಮ್ಮ ನಿನ್ನ ಗಂಡ ಎತ್ತರಿಸಿದ ಕಟ್ಟೆ? ತೋರಿಸು" ಅಂದರು ಅಧ್ಯಕ್ಷರು. ಈ ಬಾರಿ ಅವರು ನಿಜಕ್ಕೂ ತಿಳಿದುಕೊಳ್ಳಲೆಂದೇ ಬಂದಿದ್ದರು.

ಅವಳು ಕಬ್ಬಿನೊಳಗೆ ನುಗ್ಗಿದಳು. ಸೋಗೆ ಸರಸರ ಎನ್ನುತ್ತಿತ್ತು. ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಹೊರಬಂದಳು. ಮತ್ತೆ ಹೋದಳು. ಕೈ ಮುಖ ಎಲ್ಲ ಗೀರಿತ್ತು. ಮೇಷ್ಟರು ಛತ್ರಿ ಹಿಡಿದು ನಿಂತಿದ್ದರು, ಬಹಳ ಇಳಿದುಹೋಗಿದ್ದರು. ಅವಳು ಬರಿಗೈಯಲ್ಲಿ ಬಂದು ಅಧ್ಯಕ್ಷರ ಮುಂದೆ ನಿಂತು, ಅವರು ಬಾಯಿ ಬಿಡುವ ಮೊದಲೇ ಗಟ್ಟಿಯಾಗಿ ಹೇಳಿದಳು:

"ಇದು ನಮ್ ಗದ್ದೆ ಅಲ್ಲ ಸಾಮಿ."

ಅಧ್ಯಕ್ಷರು ಅವಳತ್ತ ಬಾಗಿದರು.

"ಏನಂದೆ?"

"ಇದು ನಮ್ ಗದ್ದೇನೇ ಅಲ್ಲ. ನಮ್ಮೆಜಮಾನ್ರು ಗೇದಿದ್ದು ಇದಲ್ಲ."

ಗುಮಾಸ್ತರು ಮಹಜರಿನಲ್ಲಿ ಬರೆದುಕೊಂಡರು. ಅರ್ಜಿದಾರಳು ಸ್ಥಳವನ್ನು ಪೂರ್ತಿ ನೋಡಿ, ಇದು ತನ್ನ ಗದ್ದೆ ಅಲ್ಲವೆಂದೂ ತನ್ನ ಗಂಡ ಸಾ​ಗುವಳಿ ಮಾಡಿದ ಜಮೀನು ಇದಲ್ಲವೆಂದೂ ಸ್ವಇಚ್ಛೆಯಿಂದ ಹೇಳಿರುತ್ತಾಳೆ. ಅದನ್ನು ಗಟ್ಟಿಯಾಗಿ ಓದಿದ್ದು ಕಾಲುವೆಯ ತನಕ ಕೇಳಿಸಿತು. ನಾನು ಓಡಿದೆ.

"ಸಾರ್, ಆಕೆ ಹೇಳಿದ್ದು ಆ ಅರ್ಥದಲ್ಲಲ್ಲ. ಬದು ಒಡೆದಿದ್ದಾರೆ, ಗುರುತೆಲ್ಲ ಅಳಿಸಿದ್ದಾರೆ, ಅದಕ್ಕೆ..."

"ನೀವು ವಕೀಲರಲ್ಲವೇ?" ಅಧ್ಯಕ್ಷರು ಕೈ ಅಡ್ಡ ಹಿಡಿದರು. "ನೀವು ಮಾತಾಡಿದರೆ ಇಡೀ ವಿಚಾರಣೆ ಕೆಡುತ್ತೆ. ದಯವಿಟ್ಟು ದೂರ ಹೋಗಿ." ಅವಳ ಕಡೆ ತಿರುಗಿದರು. "ಏನಮ್ಮ, ಓದಿದ್ದು ಕೇಳಿಸಿತಾ? ನೀನು ಹೇಳಿದ್ದನ್ನೇ ಬರೆದಿದ್ದಾರೆ ತಾನೆ?"

"ಊಂ ಸಾಮಿ. ನಾನೇ ಏಳ್ದೆ."

"ಯಾರಾದರೂ ಹೆದರಿಸಿ ಹೇಳಿಸಿದರಾ?"

"ಯಾರ್ ಎದ್ರುಸ್ತಾರೆ? ಕಣ್ಣಾರೆ ಕಾಣ್ತದಲ್ಲ."

ಮೇಷ್ಟರು ಒಂದು ಹೆಜ್ಜೆ ಮುಂದೆ ಬಂದರು. ಏನೋ ಹೇಳುವವರಂತೆ ಬಾಯಿ ತೆರೆದರು. ಪಕ್ಕದ ರೈತ, "ಬಿಸ್ಲು ಜಾಸ್ತಿ ಆಯ್ತು, ಬನ್ನಿ ಮೇಷ್ಟ್ರೇ" ಎಂದು ತೋಳು ಹಿಡಿದ. ಅವರು ನನ್ನ ಮುಖ ನೋಡಿದರು, ಆಮೇಲೆ ನೆಲ ನೋಡಿದರು. ಅವನ ಜೊತೆಯೇ ನಡೆದರು. ಅವಳು ಹೆಬ್ಬೆಟ್ಟು ಒತ್ತಿದಳು.

ಜೀಪು ಹೋದ ಮೇಲೆ ಇಬ್ಬರೂ ಬಸ್ಸಿನ ರಸ್ತೆಯವರೆಗೆ ನಡೆದೆವು. ಗೀರಿದ ಕೈಗಳನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾ ಅವಳೇ ಮಾತು ತೆಗೆದಳು. "ಈ ಸಲ ಅವ್ರ್ ಕೇಳೋಗಂಟ ಕಾಯ್ನಿಲ್ಲ ಸಾಮಿ. ನಾನೇ ಏಳ್ಬುಟ್ಟೆ."

ಹೌದಮ್ಮ ಅಂದೆ. ಮಹಜರಿನಲ್ಲಿ ಬರೆದದ್ದರಲ್ಲಿ ಅವಳದಲ್ಲದ ಒಂದು ಮಾತೂ ಇರಲಿಲ್ಲ. ಅದರ ಮೇಲೆ ಇನ್ನು ಯಾವ ರಿಟ್ಟೂ ನಿಲ್ಲುವುದಿಲ್ಲ ಎಂದು ಬೆಂಗಳೂರಿನ ವಕೀಲರು ಕಾಗದ ಬರೆದರು. ನನಗೂ ಅದು ಗೊತ್ತಿತ್ತು.

ಮಂಡಳಿಯ ಉತ್ತರ ಕೋರ್ಟಿಗೆ ತಲುಪಿತು. ವಾದಿ ಗೇಣಿದಾರಳಲ್ಲ. ಕಪಾಟಿನಿಂದ ಕಡತ ಕೆಳಗಿಳಿಯಿತು. ಈಗಿದ್ದ ಮುನ್ಸೀಫರಿಗೆ ಈ ದಾವೆಯ ಮುಖಪರಿಚಯವೂ ಇರಲಿಲ್ಲ. ಅವರು ತೀರ್ಮಾನಿಸಬೇಕಾದದ್ದು ಏನೂ ಉಳಿದಿರಲೂ ಇಲ್ಲ. ಸಂಖ್ಯೆ ಕೂಗಿದರು. ನಾನು ಎದ್ದು ನಿಂತೆ.

"ಹೇಳೋದು ಏನಾದರೂ ಇದೆಯೇ?"

"ಇಲ್ಲ ಸ್ವಾಮಿ."

ದಾವೆ ವಜಾ. ಖರ್ಚು ಹಾಕಲಿಲ್ಲ. ಬೆಂಚ್ ಕ್ಲರ್ಕ್ ಕಡತದ ದಾರ ಬಿಗಿದು ಪಕ್ಕಕ್ಕಿಟ್ಟರು.

ಅವಳಿಗೆ ಬರಬೇಕಾಗಿಲ್ಲ ಎಂದು ಯಾರೂ ತಿಳಿಸಿರಲಿಲ್ಲ. ಬೆಳಗಿನ ಬಸ್ಸಿಗೆ ಬಂದು, ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು, ಜಗಲಿಯ ಕಂಬದ ಹತ್ತಿರ ನಿಂತಿದ್ದಳು. ನಾನು ಹೊರಗೆ ಬಂದು ಹೇಳಿದೆ. ಅಳಲಿಲ್ಲ. ಮೇಷ್ಟರನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಕೋರ್ಟಿಗೆ ಬಂದ ಜನ ಕೇಳುವ ಮಾತನ್ನೇ ಕೇಳಿದಳು.

"ಮುಂದ್ಲು ವಾಯ್ದೆ ಯಾವತ್ತು ಸಾಮಿ?"

"ಇನ್ನು ವಾಯಿದೆ ಇಲ್ಲ ಕಣಮ್ಮ."

"ಬರೋದೇ ಬ್ಯಾಡ್ವಾ?"

"ಬೇಡ."

ಸೆರಗು ಸರಿಪಡಿಸಿಕೊಂಡಳು. ಆಮೇಲೆ, "ನಿಮ್ಗೆ ಒಳಗ್ ಕೆಲ್ಸ ಇರ್ತದೆ, ಓಗಿ" ಅಂದಳು. ದಲಾಯತ ನನ್ನ ಮುಂದಿನ ಕಕ್ಷಿದಾರನ ಹೆಸರು ಕೂಗುತ್ತಿದ್ದ. ನಾನು ಒಳಗೆ ಹೋದೆ.